ವೆಂಕಟಾಚಲನ ಕಿವಿ

ಚಾಮರಾಜಪೇಟೆಯ ಗ್ಯಾರೇಜುಗಳಲ್ಲಿ ವೆಂಕಟಾಚಲನ ಕಿವಿಗೆ ಮೂವತ್ತೈದು ವರ್ಷದ ಹೆಸರಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿದನೆಂದರೆ, ರೋಗ ಯಾವ ಸಿಲಿಂಡರಿನದೆಂದು ಹೇಳಿಬಿಡುತ್ತಿದ್ದ. ಆ ಕಿವಿ ಕೈಕೊಟ್ಟು ಈಗ ಎರಡು ವರ್ಷ. ಸಣ್ಣ ಸದ್ದುಗಳು ಒಂದೊಂದಾಗಿ ಬಿಟ್ಟುಹೋಗಿದ್ದವು. ಹೆಂಡತಿ ಅಂಬುಜಮ್ಮನಿಗೂ ಹೇಳಿರಲಿಲ್ಲ. ಕಿವುಡ ಮೆಕ್ಯಾನಿಕ್ಕಿನ ಕೈಗೆ ಕಾರು ಕೊಡುವವರು ಯಾರು?

ಇಷ್ಟು ದಿನ ಅವನ ಮಾನ ಕಾಪಾಡಿದ್ದು ಪ್ರೋಗ್ರಾಮರ್ ಎಂಬ ಅಂಗೈಯಗಲದ ಒಂದು ಪೆಟ್ಟಿಗೆ. ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದರೆ ಸಾಕು, ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂಬ ಕಂಪನಿಯ ಲೆಕ್ಕವನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಕಿಡಿ ಹೊತ್ತು ತಪ್ಪಿದರೆ ಇಂಜಿನ್ ಒಳಗೊಳಗೇ ಕುಟ್ಟಿಕೊಂಡು ಪಿಸ್ಟನ್ ತೂತಾಗುತ್ತದೆ. ಆ ಕುಟ್ಟನ್ನು ಎಣಿಸಿ ತೋರಿಸುವ ಪುಟವೂ ಅದರ ಪರದೆಯಲ್ಲಿತ್ತು. ಆ ಒಂದು ಪುಟವನ್ನು ಮಾತ್ರ ವೆಂಕಟಾಚಲ ತೆರೆಯುತ್ತಿರಲಿಲ್ಲ. ಅದನ್ನೂ ಯಂತ್ರವೇ ಹಿಡಿದರೆ ತಾನೇಕೆ? ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ.

ಎನ್.ಆರ್. ಕಾಲೋನಿಯ ಹಲ್ಲಿನ ಡಾಕ್ಟರ್ ಸುಪ್ರಜಾ ತನ್ನ ಕೆಂಪು ಸ್ಪೋರ್ಟ್ಸ್ ಕಾರು ತಂದಿದ್ದಳು. ಭಾನುವಾರ ರೇಸ್ ಟ್ರ್ಯಾಕಿಗೆ ಒಯ್ಯಬೇಕಿತ್ತು. "ಅಂಕಲ್, ಇನ್ನೂ ಸ್ವಲ್ಪ ಜೋರು ಬರ್ಬೇಕು. ಅಪ್ಪನ ಫಿಯೆಟ್ಟೂ ನೀವೇ ನೋಡ್ತಿದ್ದಿದ್ದು, ನಿಮ್ಮ ಕಿವಿ ಮೇಲೆ ನಂಬಿಕೆ."

ಆ ಮಾತು ಕೇಳಿ ವೆಂಕಟಾಚಲನಿಗೆ ಮುಚ್ಚಿಟ್ಟು ಮುಚ್ಚಿಟ್ಟೇ ಆಗಿದ್ದ ಸುಸ್ತು ಇನ್ನಷ್ಟಾಯಿತು. ಹೊಸ ಲೆಕ್ಕ ಹಾಕಿದ. ಓಡಿಸಿ ನೋಡುವಾಗ ಪೆಟ್ಟಿಗೆ ಹಿಡಿಯಲು ಯಾರಾದರೂ ಬೇಕಿತ್ತು; ಸುಪ್ರಜಾಳನ್ನು ಕೂರಿಸಿಕೊಂಡರೆ ಕಿವಿಯ ಗುಟ್ಟು ಬಯಲಾದೀತು. ಗ್ಯಾರೇಜಿನ ಹಿಂದೆಯೇ ಮನೆ, ಅಂಬುಜಮ್ಮನನ್ನು ಕರೆದ. ಸುಪ್ರಜಾ ಅಂಗಳದಲ್ಲೇ ಕಾದಳು. ಅಂಬುಜಮ್ಮ ಸೆರಗು ಸಿಕ್ಕಿಸಿಕೊಂಡು, "ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು ನೋಡಿ" ಎನ್ನುತ್ತ ನೆಲಕ್ಕೆ ಅಂಟಿದಂತಿದ್ದ ಸೀಟಿಗೆ ಇಳಿದಳು.

ಬಸವನಗುಡಿಯ ಏರಿನಲ್ಲಿ ಅವನು ಆಕ್ಸಿಲರೇಟರ್ ಪೂರ್ತಿ ಒತ್ತಿದ. ಕಾರು ಚೆನ್ನಾಗಿಯೇ ಎಳೆಯಿತು. ಅವನಿಗೆ ಇಂಜಿನ್ನಿನ ಗುಡುಗಿನ ಹೊರತು ಬೇರೇನೂ ಕೇಳಲಿಲ್ಲ.

"ಏನ್ರೀ ಅದು, ಒಗ್ಗರಣೇಲಿ ಸಾಸಿವೆ ಸಿಡ್ದಂಗೆ?"

ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದು ಕಾರನ್ನು ಬದಿಗೆ ನಿಲ್ಲಿಸಿ, ಎಂದೂ ತೆರೆಯದ ಆ ಪುಟ ತೆರೆದ. ಕುಟ್ಟಿನ ಅಂಕಿಗಳೆಲ್ಲ ಕೆಂಪಗಿದ್ದವು.

"ನಿಮ್ಗೆ ಕೇಳಿಸ್ಲಿಲ್ವಾ?"

"ಇಲ್ಲ ಕಣೆ. ಎರಡ್ ವರ್ಷದಿಂದ ಕೇಳಿಸ್ತಿಲ್ಲ."

ಅಂಬುಜಮ್ಮ, "ಸಾರು ಕುದಿಯೋದು ಕೇಳಿಸ್ದೆ ನೀವು ಉಕ್ಕಿಸ್ದಾಗ್ಲೇ ಅಂದ್ಕೊಂಡೆ" ಎಂದಳು. ಅವನು ಅಲ್ಲಿಯೇ ಕಂಪನಿಯ ಹಳೆಯ ಲೆಕ್ಕವನ್ನು ಮರಳಿ ಹಾಕಿ, ಕಾರನ್ನು ಮೆಲ್ಲಗೆ ವಾಪಸು ತಂದ.

"ಡಾಕ್ಟ್ರಮ್ಮ, ನಿಮ್ಮ ಇಂಜಿನ್ ಇವತ್ತು ಹೋಗ್ಬಿಡ್ತಿತ್ತು. ನನ್ನ ಕಿವಿ ಹೋಗಿದೆ. ಬೇರೆಯವರ ಹತ್ರ ತೋರಿಸಿ." ಮಾತು ಬಾಯಿಂದ ಬಿದ್ದಮೇಲೆ ನಾಚಿಕೆಗಿಂತ ಹೆಚ್ಚಾಗಿ ಎಲ್ಲಾದರೂ ಕೂತರೆ ಸಾಕೆನಿಸಿತು.

ಅವನು ಚಾಚಿದ ಕೀಲಿಯನ್ನು ಸುಪ್ರಜಾ ತೆಗೆದುಕೊಳ್ಳಲಿಲ್ಲ. "ಹಾಗಾದ್ರೆ ಅದನ್ನ ಹಿಡಿದಿದ್ದು ಯಾರು?"

ವೆಂಕಟಾಚಲ ಹೆಂಡತಿಯತ್ತ ನೋಡಿದ. ಬಾನೆಟ್ ಎತ್ತಿ ಇಂಜಿನ್ ಚಾಲೂ ಮಾಡಿದ. ಗೋಡೆಯ ಮೊಳೆಗೆ ತೂಗುಹಾಕಿದ್ದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಹಿಡಿಯನ್ನು ಅಂಗಿಗೆ ಒರೆಸಿ ಅವಳ ಕೈಗೆ ಕೊಟ್ಟ.

"ಓಲೆ ಸ್ವಲ್ಪ ಸರಿಸ್ಕೋ. ಏನ್ ಕೇಳಿಸುತ್ತೆ, ಹೇಳು."