ಕಾಫಿ ಚೀಲಗಳ ನಡುವೆ ಒಂದು ಕುರ್ಚಿ

ನನ್ನ ಮೊದಲ ರಾಕ್ ಹಾಡುಗಳೆಲ್ಲ ರೆಕಾರ್ಡ್ ಆದದ್ದು ದೋಣಿಗಲ್ ಹತ್ತಿರದ ನಮ್ಮ ಕಾಫಿ ತೋಟದ ಸ್ಟೋರಿನಲ್ಲಿ, ಅಂದರೆ ಗೋದಾಮಿನಲ್ಲಿ. ಮನೆಯೊಳಗೆ ಹಾಡಿದರೆ ಘಾಟಿ ರಸ್ತೆಯ ಲಾರಿಗಳ ಹಾರ್ನೂ ಟೇಪಿಗೆ ಇಳಿಯುತ್ತಿತ್ತು. ಸ್ಟೋರಿನಲ್ಲಾದರೆ ಮೂರು ಕಡೆಯೂ ಒಣಗಿದ ಕಾಫಿ ತುಂಬಿದ ಚೀಲಗಳ ಅಟ್ಟಿ. ಎಷ್ಟೇ ಕಿರುಚಿದರೂ ಗೋಣಿಗಳು ಪ್ರತಿಧ್ವನಿಯನ್ನೆಲ್ಲ ನುಂಗಿ, ನನ್ನ ದನಿಯನ್ನು ಮಾತ್ರ ಬಿಡುತ್ತಿದ್ದವು.

ಒಂದು ದಿನ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, ಗಿಟಾರಿಗೆ ತಂತಿ ತರಲು ಹಾಸನಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಸ್ಟೋರ್ ಖಾಲಿ. ಅಪ್ಪ ಲಾರಿ ಕರೆಸಿ ಚೀಲಗಳನ್ನೆಲ್ಲ ಕಳಿಸಿಬಿಟ್ಟಿದ್ದರು. ಉಳಿದರ್ಧ ಹಾಡಿದರೆ ಬಚ್ಚಲುಮನೆಯಲ್ಲಿ ಹಾಡಿದ ಹಾಗೆ ಗೊಂಯ್ ಎಂದಿತು.

“ನನ್ನನ್ನೊಂದು ಮಾತು ಕೇಳಬಾರದಿತ್ತಾ?” ಎಂದು ಕೂಗಾಡಿದೆ.

“ಕಾಫಿ ಇರೋದು ಮಾರಾಕೆ ಕಣವ್ವ, ನಿನ್ ಹಾಡಿಗಲ್ಲ,” ಎಂದರು ಅಪ್ಪ. ಎರಡು ದಿನ ಅವರೊಡನೆ ಮಾತು ಬಿಟ್ಟೆ.

ಮುಂದಿನ ವರ್ಷ ಕೊಯ್ಲು ಮುಗಿದು ಚೀಲಗಳು ಸ್ಟೋರ್ ಸೇರಿದವು. ಒಳಗೆ ಹೋದವಳು ಹಾಗೇ ನಿಂತೆ. ಆಳೆತ್ತರದ ಅಟ್ಟಿಗಳ ನಡುವೆ ಒಂದು ಕುರ್ಚಿ, ಒಂದು ಗಿಟಾರ್ ಹಿಡಿಯುವಷ್ಟು ಜಾಗವನ್ನು ಅಪ್ಪ ಬಿಟ್ಟಿದ್ದರು. ಕುರ್ಚಿಯನ್ನೂ ಅವರೇ ತಂದು ಹಾಕಿದ್ದರು. ನಾನು ಆ ಅರ್ಧ ಹಾಡನ್ನೇ ಮೊದಲಿಂದ ಶುರು ಮಾಡಿದೆ.

ವಾರ ಕಳೆದ ಮೇಲೆ ಲಾರಿಯವನು ಅಂಗಳದಲ್ಲಿ ಬಂದು ನಿಂತ. ಅಪ್ಪ ಸ್ಟೋರಿನ ಬಾಗಿಲಿಗೆ ಬಂದು ಕೇಳಿದರು.

“ಮುಗೀತೇನವ್ವ ನಿನ್ ಹಾಡು?”

“ಇನ್ನೂ ಎರಡು ದಿನ ಬೇಕು.”

ಅಪ್ಪ ಅಂಗಳದ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು: “ನಾಡಿದ್ದು ಬಾ ಮಾರಾಯ, ಒಳಗೆ ಕೆಲ್ಸ ನಡೀತೈತೆ.”