ನಿಂತ ಶಾಫ್ಟಿನ ನಡುಕ

‘ನಾನೇ ಕಣ್ಣಾರೆ ಕಂಡೆ’ ಎಂದು ಯಾರಾದರೂ ಹೇಳಿದರೆ, ಕಂಡದ್ದೆಲ್ಲ ಪುರಾವೆಯಲ್ಲ ಎಂದು ವಾದಿಸಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನು ನಾನು. ಆದ್ದರಿಂದ ನೀವು ಇದನ್ನು ನಂಬದಿದ್ದರೆ ನನ್ನ ತಕರಾರಿಲ್ಲ.

ಎಂಬತ್ತರ ದಶಕದ ಕೊನೆ. ನಾನು ಮೆಕ್ಯಾನಿಕಲ್ ಓದುತ್ತಿದ್ದೆ. ಐಗಳಿಯಲ್ಲಿ ನಮ್ಮ ಕಾಕಾ, ಎಂದರೆ ಅಪ್ಪನ ತಮ್ಮ, ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ ತೆಗೆಸಿ, ಅದಕ್ಕಿಂತ ಜೋರಾಗಿ ತಿರುಗುವ ಮೋಟಾರು ಕೂಡಿಸಿದ್ದರು. ಗೋಡೆಯಿಂದ ಗೋಡೆಗೆ ಒಂದೇ ಉದ್ದನೆಯ ಶಾಫ್ಟು, ಎರಡು ತುದಿಗೆ ಎರಡು ಬೇರಿಂಗು. ಇಂಥ ಶಾಫ್ಟಿಗೆ ಒಂದು ಕ್ರಾಂತಿಕ ವೇಗವಿರುತ್ತದೆ. ಅಲ್ಲಿಗೆ ಮುಟ್ಟಿದರೆ, ತನ್ನ ಭಾರಕ್ಕೆ ತುಸುವೇ ಬಾಗಿದ್ದ ಶಾಫ್ಟು ಹೊಯ್ದಾಡಿ ಕಿತ್ತುಕೊಂಡೇ ಬರಬಹುದು. ಕಾಕಾ ಅವರಿಗೋ, ಬೇರಿಂಗಿನ ಮೇಲೆ ಅಂಗೈಯಿಟ್ಟು ಬಿಸಿ ನೋಡುತ್ತ ಅಲ್ಲೇ ನಿಲ್ಲುವ ರೂಢಿ. ಅದಕ್ಕೇ ಲೆಕ್ಕ ಹಾಕಿದ್ದೆ. ಹೊಸ ವೇಗ ಕ್ರಾಂತಿಕ ವೇಗದ ಅರ್ಧಕ್ಕೂ ಕಡಿಮೆ ಬಂತು, ಎಂದರೆ ಅಪಾಯವಿಲ್ಲ.

ಮರುದಿನ ಚಾಲೂ ಮಾಡುವುದಿತ್ತು. ಅದರ ಹಿಂದಿನ ದಿನ ಖಂಡೆಪೂಜೆ, ಎಂದರೆ ಆಯುಧಪೂಜೆ; ಯಂತ್ರ ತಿರುಗಿಸುವಂತಿಲ್ಲ. ಬೆಲ್ಟು ಬಿಚ್ಚಿತ್ತು, ಊರಿಗೇ ಕರೆಂಟಿರಲಿಲ್ಲ. ಮಧ್ಯಾಹ್ನ ಕಾಕಾ ಅವರ ಹೆಂಡತಿ, ನಮ್ಮ ಕಾಕು, ಎರಡೂ ಬೇರಿಂಗುಗಳ ಮೇಲೆ ನೀರಿನ ತಂಬಿಗೆಯಿಟ್ಟು, ಬಾಯಿಗೆ ತೆಂಗಿನಕಾಯಿ ಇಟ್ಟರು. ಕಾಕಾ ನಿಲ್ಲುವ ಕಡೆಯ ತಂಬಿಗೆ ಕಟಕಟ ಎನ್ನತೊಡಗಿತು.

“ಯಾಕೋ ತಮ್ಮಾ, ಇದು ನಡಗಾಕತ್ತೈತಿ?” ಎಂದರು ಕಾಕು.

ಕೊಯ್ನಾ ಅಣೆಕಟ್ಟಿನ ಕಡೆ ಭೂಮಿ ನಡುಗಿರಬೇಕು ಎಂದುಕೊಂಡೆ. ಆದರೆ ಆಚೆ ತುದಿಯ ತಂಬಿಗೆ ಅಲುಗುತ್ತಿರಲಿಲ್ಲ. ಶಾಫ್ಟು ಮುಟ್ಟಿದೆ. ನಿಂತ ಕಬ್ಬಿಣ ಅಂಗೈಯೊಳಗೆ ಗುಂಯ್‌ಗುಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ಸುಮ್ಮನಾಯಿತು.

“ಕಾಕಾ, ನಾಳೆ ಚಾಲೂ ಮಾಡಬ್ಯಾಡ್ರಿ. ನಡುವ ಇನ್ನೊಂದು ಬೇರಿಂಗ್ ಹಾಕಸ್ರಿ.”

“ಲೆಕ್ಕಾ ಬರೋಬ್ಬರಿ ಐತಿ ಅಂದಿದ್ದೆಲ್ಲೋ?”

“ಬರೋಬ್ಬರಿನ ಐತ್ರಿ.”

“ದೇವರಿಗೆ ಕೈ ಮುಗಿಯಾಂವಲ್ಲ, ತಂಬಿಗಿಗೆ ಹೆದರತಾನ ನೋಡ್ರಿ ನಮ್ಮ ಇಂಜಿನೀರ!” ಎಂದು ಕಾಕಾ ನಕ್ಕರು.

ನನಗೆ ನಗು ಬರಲಿಲ್ಲ. ಒಂದೂ ಕಾರಣ ಕೊಡಲಾಗದೆ ಬರೀ ಹಟ ಹಿಡಿದೆ. ನನ್ನ ಮುಖ ನೋಡಿಯೋ ಏನೋ, ಒಪ್ಪಿಕೊಂಡರು.

ನಡುವೆ ಬೇರಿಂಗು ಕೂಡಿಸಲು ಶಾಫ್ಟು ಇಳಿಸಿದಾಗ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. ಒಂದು ಗೆರೆ ಕಾಣಲಿ ಎಂದು ಎಷ್ಟು ಹಂಬಲಿಸಿದೆ! ಪುಡಿ ಬೆಳ್ಳಗೇ ಉಳಿಯಿತು.

ಗಿರಣಿ ವರ್ಷಗಟ್ಟಲೆ ಚೆನ್ನಾಗಿಯೇ ನಡೆಯಿತು. ನಡುವಿನ ಬೇರಿಂಗು ಇಲ್ಲದಿದ್ದರೂ ನಡೆಯುತ್ತಿತ್ತು ಎಂದು ನೀವು ವಾದಿಸಬಹುದು. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ವಾದಿಸುತ್ತಿದ್ದೆ. ಒಮ್ಮೆ ಕಾಕಾ ಅವರೇ, “ಅದನ್ನ ಬಿಚ್ಚಿ ನೋಡೂಣೇನೋ?” ಎಂದು ಕೇಳಿದರು. ಪರೀಕ್ಷೆಯೆಂದರೆ ಅದೇ ಸರಿಯಾದ ಪರೀಕ್ಷೆ.

“ಬ್ಯಾಡ್ರಿ” ಎಂದೆ.