ನಮ್ಮ ಯಜಮಾನರ ಲಿನಕ್ಸಿಗೆ ಆಯುಧಪೂಜೆ

ನಮ್ಮ ಯಜಮಾನರ ಹೆಸರು ಬೋರಲಿಂಗಯ್ಯ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಯನ್ನು ಮಾಗಡಿಯಲ್ಲಿ ಇಟ್ಟು ನಲವತ್ತು ವರ್ಷವಾಯಿತು. "ಹುಡುಗ ಎಲೆಕ್ಟ್ರಿಕ್ ಲೈನು" ಎಂದು ನಮ್ಮಪ್ಪ ನನ್ನನ್ನು ಕೊಟ್ಟರು. ಬಂದು ನೋಡಿದರೆ ಮೈಯೆಲ್ಲ ವಾರ್ನಿಷ್ ವಾಸನೆ. ನಾನು ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು, ಇಟ್ಟ ವಸ್ತು ಇಟ್ಟಲ್ಲೇ ಇರಬೇಕು ಎನ್ನುವವಳು. ಇವರು ಕಾಫಿ ಲೋಟದಲ್ಲಿ ಸೀಮೆಎಣ್ಣೆ ಹಾಕಿ ನಟ್ಟು ನೆನೆಸುವವರು. ಹೆಂಗೋ ಏಗಿದ್ದೀನಿ.

ಈ ಕಸುಬಿನಲ್ಲಿ ನಿಜವಾದ ಬಂಡವಾಳ ತಂತಿಯಲ್ಲ, ನಂಬರು. ಯಾವ ಮೋಟಾರಿಗೆ ಎಷ್ಟು ದಪ್ಪದ ತಂತಿ, ಎಷ್ಟು ಸುತ್ತು. ನಾಲ್ಕು ಸುತ್ತು ಹೆಚ್ಚುಕಮ್ಮಿಯಾದರೆ ವಾರದೊಳಗೆ ಮೋಟಾರು ಮತ್ತೆ ಹೊಗೆಯಾಡುತ್ತದೆ. ಇವರು ಬಿಚ್ಚಿದ ಪ್ರತಿಯೊಂದು ಮೋಟಾರಿನ ನಂಬರನ್ನೂ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಹದಿನೇಳು ನೋಟ್‌ಬುಕ್ಕು.

ಹೀಗಿರುವಾಗ ರಾಮನಗರದ ಮುಬಶ್ಶಿರ್ ತನ್ನ ಮನೆಯ ಮೋಟಾರು ರಿಪೇರಿಗೆ ತಂದ. ಅವನದು ಕಂಪ್ಯೂಟರ್ ಅಂಗಡಿ. ಕೂಲಿಗೆ ಬದಲಾಗಿ ಒಂದು ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಕೊಟ್ಟು, "ಅಣ್ಣ, ಇದಕ್ಕೆ ವೈರಸ್ ಕಾಟ ಇಲ್ಲ, ವರ್ಷಾವರ್ಷ ದುಡ್ಡು ಕೇಳಲ್ಲ, ಹೇಳಿದ ಮಾತು ಕೇಳುತ್ತೆ" ಎಂದ.

ನಮ್ಮ ಯಜಮಾನರು ನನ್ನ ಕಡೆ ಒಂದು ನೋಟ ಬೀರಿ ಅವನಿಗೆ, "ಈ ಮೂರು ಗುಣ ಒಟ್ಗೆ ಇರೋದು ಎಲ್ಲೂ ನೋಡಿರ್ನಿಲ್ಲ ಕಣಪ್ಪ" ಎಂದರು. ಅವತ್ತು ಅವರಿಗೆ ಮುದ್ದೆಗೆ ಬರೀ ಮಜ್ಜಿಗೆ ಬಡಿಸಿದೆ.

ಎಂಟು ತಿಂಗಳು ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಹದಿನೇಳು ನೋಟ್‌ಬುಕ್ಕನ್ನೂ ಕಂಪ್ಯೂಟರಿಗೆ ಇಳಿಸಿದರು. ಮುಗಿದ ದಿನ ಏನು ಮಾಡಿದರು ಗೊತ್ತೇ? ಎಲ್ಲ ನೋಟ್‌ಬುಕ್ಕನ್ನೂ ಬಚ್ಚಲು ಒಲೆಗೆ ಹಾಕಿ ಹಂಡೆ ನೀರು ಕಾಯಿಸಿದರು. "ಎಲ್ಲಾ ಅದ್ರೊಳ್ಗೆ ಐತಲ್ಲ, ಇನ್ಯಾಕೆ ಗೆದ್ಲುಗೆ ಮೇವು?" ಅಂತೆ. ನಲವತ್ತು ವರ್ಷದ ವಿದ್ಯೆಯಲ್ಲಿ ಒಂದು ಹೊತ್ತು ಸ್ನಾನವಾಯಿತು.

ಇನ್ನು ಆಯುಧಪೂಜೆ. ಬೇರೆಯವರು ಯಂತ್ರದ ಮೇಲೆ ಹೂವಿಟ್ಟು ಕೈಮುಗಿಯುತ್ತಾರೆ. ನಮ್ಮ ಅಂಗಡಿಯಲ್ಲಿ ಹಾಗಲ್ಲ, ಯಂತ್ರವನ್ನು ಕೊನೆಯ ಸ್ಕ್ರೂವರೆಗೂ ಬಿಚ್ಚಬೇಕು, ಒಂದೊಂದು ಭಾಗಕ್ಕೂ ಪೂಜೆಯಾಗಬೇಕು. ಅದು ನಮ್ಮ ಮಾವನವರ ಕಾಲದ ಕಟ್ಟಳೆ. ಬಿಚ್ಚಿ ಒರೆಸುವುದು ಇವರ ಕೆಲಸ, ಕುಂಕುಮಕ್ಕೆ ಒಂದೆರಡು ತೊಟ್ಟು ಎಣ್ಣೆ ಹಾಕಿ ಕಲೆಸಿ ಬೊಟ್ಟಿಡುವುದು ನನ್ನದು. ಈ ಸಲ ಕಂಪ್ಯೂಟರನ್ನೂ ಬಿಟ್ಟುಬಿಡಲಿಲ್ಲ. ಬೊಟ್ಟಿಟ್ಟು, ಮತ್ತೆ ಜೋಡಿಸಿ, ಕುಂಬಳಕಾಯಿ ಒಡೆದು ಮನೆಗೆ ಬಂದೆವು.

ವಿಜಯದಶಮಿಯ ಮಾರನೇ ದಿನ ಅಂಗಡಿ ತೆಗೆದು ಗುಂಡಿ ಒತ್ತಿದರೆ, ಕಪ್ಪು ಪರದೆ ಮೇಲೆ ಒಂದು ಸಾಲು ಇಂಗ್ಲಿಷ್. ನಾನೇ ಓದಿದೆ. ಎಲ್ಲ ನಂಬರೂ ಇದ್ದ ಡಿಸ್ಕ್ ಸಿಗುತ್ತಿಲ್ಲವಂತೆ.

ಅಷ್ಟು ಹೊತ್ತಿಗೆ ಕಲ್ಯ ಊರಿನ ರೈತ ಕೆಂಪರಾಜು ಬಂದು ನಿಂತಿದ್ದ. ಅವನ ಮೋಟಾರು ಹಬ್ಬಕ್ಕೆ ಮೊದಲೇ ಅಂಗಡಿಗೆ ಬಂದಿತ್ತು. ನಂಬರು ಹೇಗೂ ಕಂಪ್ಯೂಟರಿನಲ್ಲಿದೆ ಎಂದು ಇವರು ಸುಟ್ಟ ತಂತಿಯನ್ನು ಎಣಿಸದೆ ಕತ್ತರಿಸಿ ಗುಜರಿಗೆ ಹಾಕಿಬಿಟ್ಟಿದ್ದರು.

"ಬೋರಣ್ಣ, ನಾಕು ಹಸ ಅವೆ, ಪಕ್ಕದ ತೋಟದವ್ನು ದಿನಕ್ಕೆ ಎಂಟು ಬಿಂದ್ಗೆ ನೀರು ಕೊಟ್ಟು ಎಂಟು ಮಾತಾಡ್ತಾನೆ. ಯಾವಾಗ ಕೊಡ್ತೀಯ?"

"ನಾಳೆ ಕಣ್ಲಾ ಕೆಂಪ" ಎಂದರು. ಮುಖ ಮಾತ್ರ ಬೂದಿಯಾಗಿತ್ತು. ಕೆಂಪರಾಜುವಿನದೊಂದೇ ಅಲ್ಲ, ಆ ಡಿಸ್ಕ್ ಹೋದರೆ ಇವರ ನಲವತ್ತು ವರ್ಷವೇ ಹೋದಂತೆ. ನನಗೂ ಅದು ಗೊತ್ತಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ? "ಹಂಡೆ ನೀರು ಬಿಸಿಯಾಗಿತ್ತಲ್ಲ, ಸಾಕಲ್ವೇ?" ಎಂದೆ. ಹೇಳಬಾರದಿತ್ತು.

ಊರಿನ ರಿಪೇರಿಯವನೊಬ್ಬ ಬಂದು ನೋಡಿ, "ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ, ಅರ್ಧ ಗಂಟೆ ಕೆಲ್ಸ" ಎಂದ.

"ನೀರು ಬರ್ನಿಲ್ಲ ಅಂತ ಬೋರ್‌ವೆಲ್ಲೇ ಮುಚ್ಚಿಬುಡ್ತೀಯೇನ್ಲಾ? ಹೋಗು, ಹೋಗು!" ಎಂದು ಇವರು ಸ್ಪ್ಯಾನರ್ ಹಿಡಿದೇ ಅವನನ್ನು ಬಾಗಿಲು ದಾಟಿಸಿದರು. ಆಮೇಲೆ ಮುಬಶ್ಶಿರ್‌ಗೆ ಫೋನು.

"ಅಣ್ಣ, ಗಾಬರಿ ಆಗ್ಬೇಡಿ. ಡಿಸ್ಕಿನ ಜೊತೆ ಮಾತಾಡೋಕೆ ಒಳಗೆ ಒಂದು ಕಂಟ್ರೋಲರ್ ಐತೆ. ಅದಕ್ಕೆ ಮೂರು ಮೋಡು, ಐಡಿಇ, ಎಎಚ್‌ಸಿಐ, ರೈಡ್ ಅಂತ. ನಾನು ಎಎಚ್‌ಸಿಐನಲ್ಲಿಟ್ಟು ಲಿನಕ್ಸ್ ಹಾಕಿದ್ದೆ. ಅದು ಬದಲಾಗಿರಬೇಕು, ಅದಕ್ಕೇ ಲಿನಕ್ಸ್‌ಗೆ ಡಿಸ್ಕ್ ಕಾಣ್ತಿಲ್ಲ."

"ಅಂದ್ರೆ ಮೋಟಾರು ಸರಿಯಾಗೇ ಐತೆ, ಕನೆಕ್ಸನ್ನು ಅದಲು ಬದಲು ಆಗೈತೆ ಅನ್ನು!"

"ಅಷ್ಟೇ ಅಣ್ಣ."

ಇವರ ಮುಖಕ್ಕೆ ಒಸಿ ಜೀವ ಬಂತು. ಅವನು ಹೇಳಿದಂತೆ ಗುಂಡಿ ಒತ್ತಿದ ಕೂಡಲೇ ಎಫ್ ಎರಡನ್ನು ಟಕಟಕ ಕುಟ್ಟಿದರು. ಸೆಟ್ಟಿಂಗಿನ ನೀಲಿ ಪರದೆ ಬಂತು. ನಾನು ಓದುವುದು, ಇವರು ಕೀಲಿ ಒತ್ತುವುದು. ಮೋಡು ಐಡಿಇ ಎಂದಿತ್ತು, ಎಎಚ್‌ಸಿಐ ಮಾಡಿ, ಉಳಿಸಿ, ಹೊರಬಂದೆವು. ಲಿನಕ್ಸ್ ಬಂದೇಬಿಟ್ಟಿತು! ಇವರು ಪರದೆಗೆ ಕೈಮುಗಿದರು, ಕೆಂಪರಾಜು ಶಿಳ್ಳೆ ಹೊಡೆದ. ಫೈಲು ತೆಗೆಯಬೇಕು, ಅಷ್ಟರಲ್ಲಿ ಕರೆಂಟು ಹೋಯಿತು.

ಹತ್ತು ನಿಮಿಷಕ್ಕೆ ಕರೆಂಟು ಬಂದರೆ ಮತ್ತೆ ಅದೇ ಕಪ್ಪು ಪರದೆ. ನೀಲಿ ಪರದೆಯಲ್ಲಿ ಮೋಡು ಮತ್ತೆ ಐಡಿಇ. ಇಸವಿ ನೋಡಿದರೆ ಎರಡು ಸಾವಿರದ ಒಂಬತ್ತು!

ಫೋನಿನಲ್ಲಿ ಮುಬಶ್ಶಿರ್ ದನಿ ಇಳಿಯಿತು. "ಅಣ್ಣ, ಸೆಟ್ಟಿಂಗ್ ನಿಲ್ತಿಲ್ಲ ಅಂದ್ರೆ ಬೋರ್ಡೇ ಹೋಗ್ತಾ ಇರಬಹುದು. ಹೋಗೋವಾಗ ಡಿಸ್ಕನ್ನೂ ಸುಟ್ಟುಬಿಟ್ರೆ ಕಷ್ಟ. ಮುಟ್ಟಬೇಡಿ, ನಾನೇ ಬತ್ತೀನಿ."

ರಾಮನಗರದ ಬಸ್ಸು ಬರುವವರೆಗೆ ಎರಡು ಗಂಟೆ ನಾವಿಬ್ಬರೂ ಆ ಪೆಟ್ಟಿಗೆಯನ್ನು ಕಾಯಿಲೆ ಮಲಗಿದ ಕೂಸಿನಂತೆ ಕಾದೆವು. ಇವರು ತಾವಾಗಿಯೇ, "ನೋಟ್‌ಬುಕ್ಕು ಸುಡಬಾರ್ದಾಗಿತ್ತು ಕಣೆ" ಎಂದರು. ಮೂವತ್ತೆಂಟು ವರ್ಷದಲ್ಲಿ ತಪ್ಪಾಯಿತು ಎಂದು ಒಪ್ಪಿದ್ದು ಅದೇ ಮೊದಲು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಮುಬಶ್ಶಿರ್ ಬಂದವನೇ ಮುಚ್ಚಳ ಬಿಚ್ಚಿ, ಬೋರ್ಡಿನ ಮೂಲೆಯಿಂದ ಒಂದು ದುಂಡನೆಯ ಸೆಲ್ ಎತ್ತಿದ. ಕರೆಂಟಿಲ್ಲದಾಗ ಮೋಡು, ತಾರೀಕು ಎಲ್ಲ ಮರೆಯದಂತೆ ಕಾಯುವುದು ಇದೇ ಎಂದ. ತಿರುಗಿಸಿ ನೋಡಿದ. ಕೆಂಪಗಿತ್ತು. ಇನ್ನೊಂದು ಮಗ್ಗುಲು ನೋಡಿದ. ಅದೂ ಕೆಂಪು. ಸೆಲ್ ಕೂರುವ ಜಾಗಕ್ಕೆ ಟಾರ್ಚ್ ಬಿಟ್ಟ. ಅಲ್ಲೂ ಅಚ್ಚುಕಟ್ಟಾದ ಒಂದು ಬೊಟ್ಟು.

ಪೂಜೆಯ ದಿನ ಅದು ಬೆಳ್ಳಿ ನಾಣ್ಯದಂತೆ ಥಳಥಳ ಹೊಳೆಯುತ್ತಿತ್ತು. ಸಾಕ್ಷಾತ್ ಲಕ್ಷ್ಮಿ ಎಂದುಕೊಂಡು ಎರಡೂ ಮಗ್ಗುಲಿಗೆ ಎಣ್ಣೆಗುಂಕುಮ ಇಟ್ಟವಳು ನಾನೇ. ದೇವರಿಗಿಟ್ಟ ಮೇಲೆ ಪೀಠಕ್ಕೂ ಇಡಬೇಡವೇ ಎಂದು ಅಲ್ಲಿಗೂ ಇಟ್ಟಿದ್ದೆ. ಮೂವತ್ತೊಂದು ವರ್ಷ ಮಕ್ಕಳಿಗೆ ವಾಹಕ, ಅವಾಹಕ ಎಂದು ಪಾಠ ಮಾಡಿದವಳು! ಎಣ್ಣೆಯಲ್ಲಿ ವಿದ್ಯುತ್ ಹರಿಯದು ಎಂದು ಹೇಳಿಕೊಟ್ಟು, ತಪ್ಪು ಬರೆದವರ ಕಿವಿ ಹಿಂಡಿದವಳು!

"ಯಾರು ಮಾಡಿದ್ದು ಇದು?" ಎಂದು ಮುಬಶ್ಶಿರ್ ಕೇಳಿದ. ನಗು ಅವನ ತುಟಿಯವರೆಗೆ ಬಂದಿತ್ತು.

ನಾನು ಬಾಯಿ ತೆರೆಯುವುದರೊಳಗೆ ಯಜಮಾನರು, "ನಾನೇ ಕಣಪ್ಪ. ಒಳ್ಳೇದಾಗ್ಲಿ ಅಂತ ಬಳ್ದ್‌ಬುಟ್ಟೆ" ಎಂದರು.

ಮುಬಶ್ಶಿರ್ ನಕ್ಕ ನಗುವಿಗೆ ಪಕ್ಕದ ಟೈರಿನಂಗಡಿಯವರೂ ಬಂದರು. ಕೆಂಪರಾಜು ಹೊಟ್ಟೆ ಹಿಡಿದು ನೆಲಕ್ಕೆ ಕೂತ. "ನಲವತ್ತು ವರ್ಸ ಕರೆಂಟ್ ಕೆಲ್ಸ ಮಾಡ್ದೋನು ಬ್ಯಾಟ್ರಿಗೆ ಕುಂಕುಮ ಬಳ್ದವ್ನೆ, ಬನ್ರಲಾ!" ಇವರು ತಲೆ ಕೆರೆದುಕೊಂಡು ನಿಂತಿದ್ದರು. ನಾನು ಹೇಡಿಯಂತೆ ಕಂಬ ಹಿಡಿದು ನಿಂತೆ.

ಸೆಲ್ಲು, ಪೀಠ ಎಲ್ಲ ಒರೆಸಿ, ಮೋಡು ಎಎಚ್‌ಸಿಐ ಮಾಡಿ, ಎರಡು ಸಲ ಕರೆಂಟು ತೆಗೆದು ಹಾಕಿ ನೋಡಿದರು. ನಿಂತಿತು. ಫೈಲು ತೆರೆಯಿತು, ಹದಿನೇಳು ನೋಟ್‌ಬುಕ್ಕೂ ಭದ್ರವಾಗಿದ್ದವು. ಮುಬಶ್ಶಿರ್ ಎಲ್ಲವನ್ನೂ ಎರಡು ಪೆನ್‌ಡ್ರೈವ್‌ಗೆ ತುಂಬಿಕೊಟ್ಟ. ಸಂಜೆಯ ಹೊತ್ತಿಗೆ ಕೆಂಪರಾಜುವಿನ ಮೋಟಾರಿಗೆ ಅರ್ಧ ತಂತಿ ಸುತ್ತಾಗಿತ್ತು.

ಎಲ್ಲರೂ ಹೋದ ಮೇಲೆ ಕೇಳಿದೆ, "ಯಾಕ್ರೀ ಸುಳ್ಳು ಹೇಳಿದ್ರಿ? ಇಟ್ಟಿದ್ದು ನಾನು ಅಂತ ನಿಮಗೆ ಗೊತ್ತಿರಲಿಲ್ವಾ?"

ಇವರು ಸುತ್ತು ಎಣಿಸುತ್ತಲೇ, ತಲೆ ಎತ್ತದೆ ಹೇಳಿದರು: "ಮಾಗಡೀಲಿ ಅರ್ಧ ಜನ ನಿನ್ ತಾವ ಓದ್ದೋರೇ. ಮೇಡಮ್ಮೋರ್ನ ನೋಡಿ ನಗಬಾರ್ದು. ನನ್ನ ನೋಡಿ ನಗೋದು ಊರಿಗೆ ರೂಢಿ ಐತೆ, ಬುಡು."

ನನಗೆ ಅಳು ಬಂತು. "ಇನ್ನೊಂದು ಸಲ ನನ್ನ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರೆ ನೋಡಿ ಮತ್ತೆ!" ಎಂದು ಬಾಯಿ ಮಾಡಿದೆ. ಪ್ರೀತಿಯನ್ನು ಬೇರೆ ಥರ ಹೇಳುವುದು ನನಗೆ ಇವತ್ತಿಗೂ ಬರುವುದಿಲ್ಲ.

"ಆಯ್ತು ಕಣೆ, ಸುತ್ತು ತಪ್ತದೆ, ಸುಮ್ಕಿರು" ಎಂದರು.